ಗೇರ್ ಬಾಕ್ಸಿಗೆ ಹೆಪ್ಪು

ನನ್ನ ಕಾರಿನ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಬದಲಿಸಿಕೊಡಿ ಎಂದು ನಾನು ಮುಂಬಯಿಯ ಮೂರು ಗ್ಯಾರೇಜುಗಳ ಬಾಗಿಲಿಗೆ ಹೋಗಿ ಬಂದೆ. ಮೊದಲನೆಯವನು, ಈ ಎಣ್ಣೆ ಕಾರು ಇರುವತನಕ ಬಾಳುತ್ತದೆ, ಬದಲಿಸುವ ಪ್ರಶ್ನೆಯೇ ಇಲ್ಲ ಎಂದ. ಎರಡನೆಯವನು, ಬದಲಿಸಬೇಕಾಗಿತ್ತು, ಆದರೆ ಹತ್ತು ವರ್ಷದ ಹಿಂದೆ, ಈಗ ಮುಟ್ಟಿದರೆ ಗೇರ್ ಬಾಕ್ಸು ಸತ್ತೇ ಹೋಗುತ್ತದೆ ಎಂದ. ಮೂರನೆಯವನು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಇದನ್ನು ಕಿತ್ತುಹಾಕಿ ಕ್ಲಚ್ ಇರುವ ಗೇರ್ ಬಾಕ್ಸ್ ಕೂರಿಸಿಕೊಡುತ್ತೇನೆ, ನಿಮಗೆ ತಲೆನೋವೇ ಇರುವುದಿಲ್ಲ ಎಂದು ಸಮಾಧಾನ ಹೇಳಿದ. ಅಷ್ಟು ಹೊತ್ತೂ ನಾನು ಅವನೆದುರು ಊರುಗೋಲು ಹಿಡಿದುಕೊಂಡೇ ನಿಂತಿದ್ದೆ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ತೆಗೆದುಕೊಂಡು ಹೋಗಿದೆ. ಕ್ಲಚ್ಚನ್ನು ಒತ್ತುವುದು ಎಡಗಾಲಿನಿಂದ. ಇದನ್ನು ಒಬ್ಬ ಮೆಕ್ಯಾನಿಕ್‌ಗೆ ನಾನು ಬಿಡಿಸಿ ಹೇಳಬೇಕಾಯಿತು.

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ದಿನಗಳಲ್ಲಿ ಸಿಟ್ಟಿಗೆ ಕಾರಣವೂ ಇತ್ತು. ಕಾರಿಗೆ ಹದಿನೈದು ವರ್ಷ ತುಂಬಿತ್ತು. ಹದಿನೈದು ತುಂಬಿದ ಗಾಡಿಯನ್ನು ಆರ್‌ಟಿಓದವರ ಮುಂದೆ ಓಡಿಸಿ ತೋರಿಸಿ ಮತ್ತೆ ಪಾಸಿಂಗ್ ಮಾಡಿಸಬೇಕು, ಇಲ್ಲದಿದ್ದರೆ ಅದು ಭಂಗಾರದ, ಅಂದರೆ ಗುಜರಿಯ, ಅಂಗಡಿಗೆ. ನಮಗೆ ಸಿಕ್ಕಿದ್ದ ದಿನ ಸೋಮವಾರ. ಮತ್ತು ನನ್ನ ಕಾರು ಹತ್ತು ನಿಮಿಷ ಓಡಿ ಬಿಸಿಯಾದದ್ದೇ ತಡ, ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಚೆಂಬೂರಿನಿಂದ ಬಾಂದ್ರಾದ ನನ್ನ ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ಫ್ಲೈಓವರ್ ಇದೆ. ಹಿಂದಿನ ವಾರ ಅದನ್ನು ಹತ್ತುತ್ತಿರುವಾಗ ಈರುಳ್ಳಿ ತುಂಬಿದ ಕೈಗಾಡಿಯವನೊಬ್ಬ ನನ್ನನ್ನು ಹಿಂದೆ ಹಾಕಿ ಹೋದ. ಹೋಗುವಾಗ ಕಿಟಕಿಯ ಹತ್ತಿರ ಬಗ್ಗಿ, ಹಿಂದಿನಿಂದ ಧಕ್ಕಾ ಕೊಟ್ಟು ನೂಕಲೇ ಎಂದು ಕೇಳಿದ. ಪಾಪ, ಒಳ್ಳೆಯ ಮನುಷ್ಯ.

ಹೊಸ ಕಾರು ತೆಗೆದುಕೊಳ್ಳಬಾರದೇ ಎಂದು ಎಲ್ಲರೂ ಕೇಳುತ್ತಾರೆ. ನನ್ನ ರಿಟೈರ್‌ಮೆಂಟಿಗೆ ಮೂರು ವರ್ಷ ಉಳಿದಿದೆ, ನನ್ನ ಕೈಲಾಗದು, ಅಷ್ಟೇ. ಈ ಕಾರು ಬರುವ ಮೊದಲು ಹದಿನೆಂಟು ವರ್ಷ ಲೋಕಲ್ ಟ್ರೇನಿನ ಅಂಗವಿಕಲರ ಡಬ್ಬಿಯಲ್ಲಿ, ಎರಡೂ ಕಾಲು ನೆಟ್ಟಗಿರುವವರು ಕುಳಿತಿರುವಾಗ ಅವರ ನಡುವೆ ನಿಂತು ಓಡಾಡಿದ್ದೇನೆ. ಅಲ್ಲಿಗೆ ಹಿಂತಿರುಗಿ ಹೋಗಲು ನಾನು ತಯಾರಿರಲಿಲ್ಲ.

ಕೊನೆಗೆ ಸಿಕ್ಕಿದವನು ನಮ್ಮ ಕಡೆಯ ಮೆಕ್ಯಾನಿಕ್. ಕಲಬುರಗಿಯಿಂದ ಇಪ್ಪತ್ತು ವರ್ಷದ ಹಿಂದೆ ಬಂದವನು, ನಾಲ್ಕು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಆಡುವವನು. ಕಾರಿನ ಕೆಳಗೆ ತಲೆ ಹಾಕಿ ನೋಡಿ, "ಅಕ್ಕಾರ, ಟೆನ್ಷನ್ ತಗೋಬ್ಯಾಡ್ರಿ. ಲೀಕ್ ಎಲ್ಲೂ ಇಲ್ಲ, ನೆಲ ಸೂಖಾ ಅದ. ಎಣ್ಣಿ ಸುಟ್ಟದ, ಫಿಲ್ಟರ್ ಜಾಮ್ ಆಗ್ಯದ, ಬಸ್. ಎರಡೂ ಬದಲ್ ಮಾಡೂಣು. ಫಕ್ತ ಒಂದ ಪ್ರಾಬ್ಲೆಮ್ ಅದ" ಎಂದ. ಆ ಪ್ರಾಬ್ಲೆಮ್ ಎಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ. ಹಿಂದಿನ ಮಾಲೀಕನ ಕಾಲದಲ್ಲೇ ಅದು ಅರ್ಧಕ್ಕೆ ಮುರಿದುಹೋಗಿತ್ತು. ಗೇರ್ ಬಾಕ್ಸಿನಲ್ಲಿ ಎಣ್ಣೆ ಹೆಚ್ಚಾದರೆ ನೊರೆ ಏಳುತ್ತದೆ, ಕಡಿಮೆಯಾದರೆ ಗೇರು ಜಾರುತ್ತದೆ, ಎರಡರಲ್ಲಿ ಯಾವುದಾದರೂ ಕೆಲಸ ಕೆಟ್ಟಂತೆಯೇ. "ಅದಕ್ಕ ಎಷ್ಟ ಹೊರಗ ಬರ್ತದ, ಅಳದು ಅಷ್ಟ ಒಳಗ ಹಾಕೂದು. ಒಂದ ಚಮಚಾ ಹೆಚ್ಚಿಲ್ಲ, ಕಮ್ಮಿಲ್ಲ" ಎಂದ.

ಕಾರನ್ನು ಅವನ ಗ್ಯಾರೇಜಿನವರೆಗೆ ಒಯ್ಯುವ ಧೈರ್ಯ ನನಗಿರಲಿಲ್ಲ. ನಮ್ಮ ಬಿಲ್ಡಿಂಗಿನ ಅಂಗಳದಲ್ಲೇ ಮಾಡುವುದೆಂದಾಯಿತು. ಅದಕ್ಕೆ ಸೊಸೈಟಿಯ ಸೆಕ್ರೆಟರಿಯ ಅನುಮತಿ ಬೇಕು. ನಮ್ಮ ಸೆಕ್ರೆಟರಿ ಉಡುಪಿ ಕಡೆಯವರು, ನಿವೃತ್ತರು, ತಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ರಿಜಿಸ್ಟರಿನಲ್ಲಿ ಬರೆದಿಡುವಂಥವರು. ಭಾನುವಾರ ಎಂಟರಿಂದ ಹನ್ನೊಂದು ಗಂಟೆ, ನೆಲದ ಮೇಲೆ ಒಂದು ಹನಿ ಎಣ್ಣೆ ಬೀಳಬಾರದು, ಯಾವ ವಸ್ತುವನ್ನೂ ಬಿಟ್ಟುಹೋಗಬಾರದು ಎಂದು ಠಸ್ಸೆ ಹಾಕಿದ ಪತ್ರ ಕೊಟ್ಟರು.

ಆಗ ಸೆಕ್ರೆಟರಿಯ ತಲೆಯನ್ನು ಇನ್ನೊಂದು ವಿಷಯ ತಿನ್ನುತ್ತಿತ್ತು: ನಾಯಿಗಳು. ಬೀದಿನಾಯಿಗಳು ಗೇಟಿನೊಳಗೆ ಬಂದು ಸ್ಕೂಟರುಗಳ ಚಕ್ರಕ್ಕೆ ಕಾಲೆತ್ತುತ್ತಿದ್ದವು. ಕೆಂಪು ನೀರಿನ ಬಾಟ್ಲಿ ಕಂಡರೆ ನಾಯಿ ಹತ್ತಿರ ಸುಳಿಯುವುದಿಲ್ಲ ಎಂಬುದು ನಮ್ಮಲ್ಲಿ ಎಷ್ಟೋ ಜನರ ನಂಬಿಕೆ. ಅದರಂತೆ ಖಾಲಿ ಬಾಟ್ಲಿಗಳಿಗೆ ನೀರು ತುಂಬಿ, ನನ್ನ ಅವ್ವನಿಂದ ಕುಂಕುಮ ಬೇಡಿ ಕಲಸಿ, ಬಿಲ್ಡಿಂಗಿನ ಸುತ್ತ ಇಟ್ಟಿದ್ದರು. ಬಿಸಿಲಿಗೆ ಕುಂಕುಮವೆಲ್ಲ ತಳಕ್ಕಿಳಿದು ನೀರು ತಿಳಿಯಾಗಿತ್ತು. ನಾಯಿಗಳು ಆ ಬಾಟ್ಲಿಗಳ ಪಕ್ಕದಲ್ಲೇ ತಂಪಾಗಿ ಮಲಗುತ್ತಿದ್ದವು. ಬಣ್ಣ ಇನ್ನೂ ಗಾಢ ಬೇಕು ಎಂದು ಅವರು ಅವ್ವನನ್ನು ಕೇಳಿದ್ದರು. ಭಾನುವಾರ ಮಾಡಿಕೊಡುತ್ತೇನೆ ಎಂದು ಅವ್ವ ಮಾತು ಕೊಟ್ಟಿದ್ದಳು, ಮರೆತಿದ್ದಳು.

ಅವ್ವನಿಗೆ ಎಪ್ಪತ್ತೆಂಟು. ಮದುವೆಯಾಗಿ ವಿಜಯಪುರದಿಂದ ಮುಂಬಯಿಗೆ ಬರುವಾಗ ಟ್ರೇನಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಂದು ಡಬ್ಬಿ ಹೆಪ್ಪು ತಂದಿದ್ದಳು. ಇಂದಿಗೂ ನಮ್ಮ ಮನೆಯ ಮೊಸರು ಅದೇ ಹೆಪ್ಪಿನದು, ಒಂದು ದಿನವೂ ತಪ್ಪಿಲ್ಲ ಎಂಬುದು ಅವಳ ಹೆಮ್ಮೆ. ಒಮ್ಮೆ ಅವಳು ಊರಿಗೆ ಹೋದಾಗ ನಾನು ಪಾತ್ರೆ ತೊಳೆದುಬಿಟ್ಟು, ಡೇರಿಯ ಮೊಸರು ತಂದು ಹೆಪ್ಪು ಹಾಕಿದ್ದೆ. ಹನ್ನೆರಡು ವರ್ಷವಾಯಿತು, ಹೇಳಿಲ್ಲ. ಈಗಂತೂ ಹೇಳುವುದಿಲ್ಲ.

ಭಾನುವಾರ ಮೆಕ್ಯಾನಿಕ್ ಬಂದು, ಕಾರನ್ನು ಅವನು ಘೋಡಿ ಎನ್ನುವ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ನುಸುಳಿದ. ಎಣ್ಣೆ ಹಿಡಿಯಲು ಅಗಲ ಪಾತ್ರೆ ಬೇಕೆಂದಾಗ ಅವ್ವ ರೊಟ್ಟಿ ಹಿಟ್ಟು ನಾದುವ ಹಳೆಯ ಪರಾತ ಕೊಟ್ಟಳು. ಕೊಡುವಾಗ, ತೊಳೆದು ವಾಪಸ್ ಕೊಡಬೇಕು ಎಂದಳು. ಆ ಪರಾತದಲ್ಲಿ ಇನ್ನು ಮುಂದೆ ಹಿಟ್ಟು ನಾದುವುದಾದರೆ ನಾನು ಈ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದೆ. ಅದು ನಂತರದ ಜಗಳ ಎಂದು ಬದಿಗಿಟ್ಟೆವು.

ಗೇರ್ ಬಾಕ್ಸಿನ ತಳದ ಚೇಂಬರು ಬಿಚ್ಚುತ್ತಿದ್ದಂತೆ ಎಣ್ಣೆ ಇಳಿಯಿತು. ಹೊಸದಿರುವಾಗ ಈ ಎಣ್ಣೆ ಕೋಕಂ ಶರಬತ್ತಿನಷ್ಟು ಕೆಂಪಗಿರುತ್ತದಂತೆ. ನಮ್ಮದು ಕಂದುಗೆಂಪು, ಸೀದ ವಾಸನೆ. ಅದನ್ನು ಅವನು ಪರಾತದಿಂದ ಐದು ಖಾಲಿ ನೀರಿನ ಬಾಟ್ಲಿಗಳಿಗೆ ಸುರಿದ, ಒಂದರಲ್ಲಿ ಅರ್ಧ, ಒಂದರಲ್ಲಿ ಮುಕ್ಕಾಲು, ಕೈಗೆ ಬಂದಂತೆ. ಅಳತೆ ಆಮೇಲೆ ಮಾಡೋಣ ಎಂದ. ಚೇಂಬರಿನ ತಳದಲ್ಲಿ ಒಂದು ಅಯಸ್ಕಾಂತ ಇರುತ್ತದೆ, ಸವೆದ ಕಬ್ಬಿಣವನ್ನೆಲ್ಲ ಹಿಡಿದುಕೊಳ್ಳಲು. ಅದರ ಮೇಲೆ ಚೂರುಗಳಿದ್ದರೆ ಗೇರ್ ಬಾಕ್ಸು ಮುಗಿದಂತೆ, ಬರೀ ಮಸಿ ಇದ್ದರೆ ಬದುಕಿದಂತೆ ಎಂದು ಅವನು ಮೊದಲೇ ಹೇಳಿದ್ದ. ಅವನು ಬೆರಳಿನಿಂದ ತೀಡಿ ನೋಡಿ, "ಕಾಡಗಿ ಇದ್ದಂಗ ಅದರೀ. ಗಾಡಿ ಜಿಂದಾ ಅದ" ಎಂದ. ನಾನು ಊರುಗೋಲು ಬಿಟ್ಟು ಕಾರಿಗೇ ಒರಗಿಕೊಂಡೆ.

ಅವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. ಐದು ಬಾಟ್ಲಿಗಳನ್ನು ನೋಡುತ್ತ ಕೇಳಿದಳು:

"ತಮ್ಮಾ, ಇದನ್ನೆಲ್ಲಾ ಚೆಲ್ಲಾಂವೇನು?"

"ಹೌದ್ರಿ ಅವ್ವಾರ. ಇದರಾಗ ಏನೂ ಉಳದಿಲ್ಲ."

"ಎಲ್ಲಾ ಹೊಸಾದ ಹಾಕಿದ್ರ ಅದು ಹಿಡಿಯೂದು ಹ್ಯಾಂಗ? ಚೂರ ಹಳೀದು ಬೇಕೋ ಬ್ಯಾಡೋ? ಹೆಪ್ಪಿಲ್ಲದ ಮಸರು ಆಗತೈತೇನು?"

ಅವ್ವ, ಇದು ಹಾಲಲ್ಲ, ಎಂದು ನಾನು ಗದರಿದೆ. ಎರಡನೆಯ ಗ್ಯಾರೇಜಿನವನೂ ಹಳೆಯದನ್ನು ಮುಟ್ಟಬೇಡಿ ಅಂದಿದ್ದ, ಅವನೇನು ಹುಚ್ಚನೇ ಎಂದು ಅವಳು ಮಾರುತ್ತರ ಕೊಟ್ಟಳು. ಮೆಕ್ಯಾನಿಕ್ ನಗುತ್ತ ಹೊಸ ಫಿಲ್ಟರ್ ಕೂರಿಸಿ, ಹೊಸ ಪ್ಯಾಕಿಂಗ್ ಇಟ್ಟು ಚೇಂಬರು ಮುಚ್ಚಿದ. ಅವನು ಕೈ ತೊಳೆಯುತ್ತಿದ್ದಂತೆ ಅವ್ವ, ಚುರುಮುರಿಯ ಸೂಸಲಾ ಮಾಡಿಟ್ಟಿದ್ದೇನೆ, ತಿಂದು ಬಂದು ಎಣ್ಣೆ ಹಾಕುವಿಯಂತೆ ನಡಿ ಎಂದಳು. ನಾನೂ ಅವನೂ ಮುಂದೆ ಮೆಟ್ಟಿಲು ಹತ್ತಿದೆವು. ಅವ್ವ ಒಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹಿಂದಿನಿಂದ ನಿಧಾನ ಬಂದಳು. ಮೊಣಕೈ ನೋವಿರಬೇಕು ಅಂದುಕೊಂಡೆ.

ಸೂಸಲಾ ತಿಂದು, ಚಹಾ ಕುಡಿದು ಕೆಳಗೆ ಬಂದರೆ ಕಾರಿನ ಪಕ್ಕದಲ್ಲಿ ಒಂದೇ ಒಂದು ಬಾಟ್ಲಿ ಇರಲಿಲ್ಲ. ನೆಲ ಒರೆಸಿ ಇಟ್ಟಂತಿತ್ತು. ಸೆಕ್ರೆಟರಿ ಗೇಟಿನ ಹತ್ತಿರ ರಿಜಿಸ್ಟರು ಹಿಡಿದು ನಿಂತಿದ್ದರು, ಮುಖದಲ್ಲಿ ಸಂತೋಷ.

"ಎಂತ ಚಂದ ಬಣ್ಣ ಬಂದಿದೆ ಮಾರಾಯ್ರೆ! ಅಮ್ಮನ ಹತ್ರ ಹೇಳಿ, ತುಂಬಾ ಥ್ಯಾಂಕ್ಸ್ ಅಂತ. ಈ ಸಲ ನಾಯಿ ಹತ್ರ ಬರ್ಲಿಕ್ಕೆ ಸಾಧ್ಯವೇ ಇಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೆಕ್ಯಾನಿಕ್‌ಗೆ ತಟ್ಟನೆ ಅರ್ಥವಾಗಿ ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತ. ನನ್ನ ಗೇರ್ ಬಾಕ್ಸಿನ ಅಳತೆ ಬಿಲ್ಡಿಂಗಿನ ಸುತ್ತ ನಾಯಿಗಳನ್ನು ಕಾಯುತ್ತಿತ್ತು.

"ಅದು ಎಣ್ಣೆ ಸರ್! ನನ್ನ ಕಾರಿನ ಎಣ್ಣೆ!" ಎಂದು ಕೂಗಿದೆ.

"ಎಣ್ಣೆಯಾ?" ಅವರ ಮುಖ ಸಣ್ಣಗಾಯಿತು. "ಅಯ್ಯೋ ದೇವರೇ. ನಾನು ನೀರು ಹಾಕಿದೆನಲ್ಲ ಮೇಡಂ. ಅರ್ಧ ಅರ್ಧ ಇತ್ತು, ಚಂದ ಕಾಣುವುದಿಲ್ಲ ಅಂತ ಎಲ್ಲದಕ್ಕೂ ನಳ್ಳಿ ನೀರು ತುಂಬಿಸಿ ಲೆವೆಲ್ ಮಾಡಿದೆ."

ಆ ಕ್ಷಣಕ್ಕೆ ನನಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವು ಮರಾಠಿಯಲ್ಲಿದ್ದವು, ಬೈಯಲು ನನಗೆ ಮರಾಠಿಯೇ ಅನುಕೂಲ. ಎಷ್ಟು ಎಣ್ಣೆ ಹೊರಗೆ ಬಂತೆಂದು ಗೊತ್ತಿಲ್ಲದೆ ಎಷ್ಟು ಒಳಗೆ ಹಾಕುವುದು? ನಾಳೆ ಬೆಳಿಗ್ಗೆ ಆರ್‌ಟಿಓ. ಒಬ್ಬ ಮನುಷ್ಯನ ಅಚ್ಚುಕಟ್ಟುತನದಿಂದ ನನ್ನ ಕಾರು ಭಂಗಾರಕ್ಕೆ ಹೋಗುತ್ತದೆ ಎಂದು ಅಳು ಬಂತು. ಅತ್ತೂಬಿಟ್ಟೆ, ಸೆಕ್ರೆಟರಿಯ ಮುಂದೆ, ನಾಚಿಕೆ ಬಿಟ್ಟು.

ಅಳು ಕೇಳಿ ಅವ್ವ ಗ್ಯಾಲರಿಯಿಂದ ಬಗ್ಗಿದಳು. ವಿಷಯ ತಿಳಿದು ಮೂರು ಮಹಡಿ ಇಳಿದು ಬಂದಳು. ಅವಳಿಗೆ ಇದು ದೊಡ್ಡ ಮಾತೇ ಆಗಿರಲಿಲ್ಲ.

"ಅಳತೀ ಯಾಕ? ಎಣ್ಣಿ ನೀರಾಗ ಕರಗತೈತೇನು? ಬಾಟ್ಲಿ ತಂದ ಸಾಲಾಗಿ ಇಡ್ರಿ. ಅಲಗಾಡಸಬ್ಯಾಡ್ರಿ. ಸುಮ್ನ ಕೂಡ್ರಿ."

ಸೆಕ್ರೆಟರಿ ತಾವೇ ಓಡಾಡಿ ಬಾಟ್ಲಿಗಳನ್ನು ತಂದರು. ಒಂದು ಬಾಟ್ಲಿಯನ್ನು ತರಲು ಅದಕ್ಕೆ ತಲೆಯಾನಿಸಿ ಮಲಗಿದ್ದ ನಾಯಿಯನ್ನು ಎಬ್ಬಿಸಬೇಕಾಯಿತು. ಮೆಟ್ಟಿಲ ಮೇಲೆ ಬಾಟ್ಲಿಗಳನ್ನು ಸಾಲಾಗಿ ಇಟ್ಟು ನಾವು ನಾಲ್ವರೂ ಎದುರಿಗೆ ಕೂತೆವು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಳದಲ್ಲಿ ನೀರು ತಿಳಿಯಾಗತೊಡಗಿತು, ಎಣ್ಣೆ ಮೇಲಕ್ಕೇರಿ ನಿಂತಿತು. ಸೆಕ್ರೆಟರಿ ಐದೈದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಎರಡನೆಯದು ಇನ್ನೂ ಸ್ವಲ್ಪ ಮಬ್ಬು ಎಂದೆಲ್ಲ ಟಿಪ್ಪಣಿ ಮಾಡಿಕೊಂಡರು. ಅವರ ಹಿಂದೆ ಆ ನಾಯಿಯೂ ಬಂದು ಕೂತಿತ್ತು. ಹನ್ನೊಂದು ಗಂಟೆ ದಾಟಿತ್ತು. ಅನುಮತಿಯ ಅವಧಿ ಮುಗಿಯಿತು ಎಂದು ನಾನು ನೆನಪಿಸಿದೆ. "ವಿಶೇಷ ಸಂದರ್ಭ" ಎಂದು ಅವರೇ ಬರೆದುಕೊಂಡರು.

ಅರ್ಧ ಗಂಟೆಯ ನಂತರ ಅವ್ವ ಒಂದೊಂದೇ ಬಾಟ್ಲಿಯನ್ನು ಮೆಲ್ಲಗೆ ತಲೆಕೆಳಗು ಹಿಡಿದು, ನೀರು ಬಾಯಿಯ ಹತ್ತಿರ ಇಳಿಯುವವರೆಗೆ ಕಾದು, ಮುಚ್ಚಳ ಸಡಿಲಿಸಿ, ಸ್ವಲ್ಪ ಹಿಚುಕಿ ನೀರನ್ನಷ್ಟೇ ಹೊರಗೆ ಬಿಟ್ಟಳು. ಎಣ್ಣೆ ಬಾಯಿಗೆ ಬಂದ ಕೂಡಲೇ ಮುಚ್ಚಳ ತಿರುಗಿಸಿದಳು. ಮೆಕ್ಯಾನಿಕ್ ಬಾಯಿ ತೆರೆದು ನೋಡುತ್ತಿದ್ದ. ಬಾಟ್ಲಿಗಳೆಲ್ಲ ಮೊದಲಿನಂತೆ ಅರ್ಧ, ಮುಕ್ಕಾಲು ಆದವು. ಆಗ ಮೆಕ್ಯಾನಿಕ್ ಎಣಿಸಿದ.

"ನಾಕಽ ಅವ. ನಾ ಐದ ತುಂಬಿದ್ದೆ."

ಸೆಕ್ರೆಟರಿ ರಿಜಿಸ್ಟರು ತೆರೆದರು. "ನಾಲ್ಕು. ಇಲ್ಲಿ ಬರೆದುಂಟು ನೋಡಿ. ಗೇಟು ಒಂದು, ಪಂಪ್ ಹೌಸ್ ಒಂದು, ಸ್ಕೂಟರ್ ಸ್ಟ್ಯಾಂಡ್ ಎರಡು."

"ಐದರೀ ಸಾಹೇಬ್ರ. ನನ್ನ ಕೈಲೆ ತುಂಬೀನಿ."

"ರಿಜಿಸ್ಟರ್ ಸುಳ್ಳು ಹೇಳ್ತದಾ?"

ಇಬ್ಬರೂ ದನಿ ಏರಿಸಿದರು. ಸೆರಗಿನೊಳಗಿನ ಕೈ ಆಗ ನನಗೆ ನೆನಪಾಯಿತು. ಅವ್ವನ ಕಡೆ ನೋಡಿದೆ. ಅವಳು ನಾಯಿಯನ್ನು ನೋಡುತ್ತಿದ್ದಳು. ನಾನು ಊರುಗೋಲು ಊರಿ ಮೂರು ಮಹಡಿ ಹತ್ತಿದೆ. ಅಡಿಗೆಮನೆಯ ಕಟ್ಟೆಯ ಮೂಲೆಯಲ್ಲಿ, ಮೊಸರಿನ ಗಡಿಗೆಯ ಪಕ್ಕ, ಬಿಳಿ ಅರಿವೆ ಮುಚ್ಚಿಕೊಂಡು ಐದನೆಯ ಬಾಟ್ಲಿ ನಿಂತಿತ್ತು.

ಕೆಳಗೆ ತಂದು ಅವಳ ಮುಂದೆ ಇಟ್ಟು, ನಿನಗೆ ಬುದ್ಧಿ ಇದೆಯಾ ಎಂದು ಎಲ್ಲರೆದುರೇ ಕೂಗಾಡಿದೆ. ಇದೊಂದು ಗೊತ್ತಾಗದಿದ್ದರೆ ಅರ್ಧ ಲೀಟರ್ ಕಡಿಮೆ ಹಾಕಿ ನಾಳೆ ಆರ್‌ಟಿಓದವರೆದುರು ಕಾರು ನಿಂತುಹೋಗುತ್ತಿತ್ತು, ಗೊತ್ತೇನು ಎಂದೆ. ಅವ್ವ ಸೆರಗಿನ ತುದಿಯಿಂದ ಬಾಟ್ಲಿಯ ಮೇಲಿನ ಜಿಡ್ಡು ಒರೆಸಿದಳು.

"ಸಾಲೀಗೆ ಹೋಗುಮುಂದ ಹತ್ತ ವರ್ಷ ಈ ಸೊಂಟದ ಮ್ಯಾಲ ನಿನ್ನ ಹೊತ್ತೀನಿ" ಎಂದಳು ಆಮೇಲೆ. "ಈ ಗಾಡಿ ಬಂದ ಮ್ಯಾಲ ನನ್ನ ಜೀವಕ್ಕ ನಿಶ್ಚಿಂತಿ ಆತು. ಅದು ಕೆಟ್ಟಿತಂದ್ರ ಮತ್ತ ಹೊರಾಕ ನನ್ನ ಕೈಲೆ ಆಗೂದಿಲ್ಲಲ್ಲ. ಅದಕ್ಕ ಚೂರ ಹಳೀದ ಎತ್ತಿಟ್ಟೆ. ಹೊಸಾದು ಹಿಡೀಲಿಲ್ಲಂದ್ರ ಬೇಕಾಗತೈತಿ ಅಂತ."

ಐವತ್ತೈದು ವರ್ಷದ ಮಗಳನ್ನು ಮತ್ತೆ ಸೊಂಟದ ಮೇಲೆ ಹೊರಬೇಕಾದೀತು ಎಂದು ಅವಳು ನಿಜವಾಗಿಯೂ ಹೆದರಿದ್ದಳು. ಕೂಗಾಡಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೆಕ್ಯಾನಿಕ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ: "ಅವ್ವಾರ, ಹಿಂಗ ಬಿಚ್ಚಿದ್ರ ಪೂರಾ ಎಣ್ಣಿ ಬರೂದಿಲ್ಲ. ಮ್ಯಾಲ ಒಂದ ಡ್ರಮ್ ಅದ, ಅದರಾಗ ಅರ್ಧಕ್ಕಿಂತ ಜಾಸ್ತಿ ಹಳೀದು ಹಂಗೇ ಕೂತಿರ್ತದ. ಹೊಸಾದು ಹೋಗಿ ಅದರಾಗ ಕೂಡ್ತದ. ನಿಮ್ಮ ಹೆಪ್ಪು ಒಳಗೇ ಅದ."

ಇದು ನನಗೂ ಗೊತ್ತಿರಲಿಲ್ಲ. ಅವ್ವ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಮುಂದಿನ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ, ಮೋಟಾರಿಗೂ ಹೆಪ್ಪು ಹಾಕುತ್ತಾರೆ, ನಮ್ಮ ಹುಡುಗಿಗೆ ಗೊತ್ತಿರಲಿಲ್ಲ ಎಂದು ಹೇಳಿಕೊಂಡು ಬಂದಳು.

ಐದೂ ಬಾಟ್ಲಿಗಳ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಐದು ಬೇರೆ ಬಾಟ್ಲಿಗಳಲ್ಲಿ ಹೊಸ ಕೆಂಪು ಎಣ್ಣೆ ಅಳೆದು ಕಾರಿಗೆ ಹಾಕಿದೆವು. ಅಳತೆ ಸರಿಯಿದೆಯೇ ಎಂದು ಸೆಕ್ರೆಟರಿ ನೆಲಕ್ಕೆ ಮೊಣಕಾಲೂರಿ, ಕಣ್ಣು ಬಾಟ್ಲಿಯ ಸಮಕ್ಕೆ ತಂದು ನೋಡಿದರು. ಕಾರನ್ನು ಘೋಡಿಗಳಿಂದ ಇಳಿಸಿದ ಮೇಲೆ ನಾನು ಕೂತು ಇಂಜಿನ್ ಚಾಲೂ ಮಾಡಿ, ಗೇರನ್ನು ಒಂದೊಂದಾಗಿ ಸರಿಸಿ ಮುಂದೆ ಓಡಿಸುವ ‘ಡಿ’ಗೆ ಹಾಕಿದೆ. ಕಾರು ಮುಗ್ಗರಿಸದೆ ಮುಂದೆ ಸರಿಯಿತು. ಬಿಸಿಯಾಗಲೆಂದು ಅರ್ಧ ಗಂಟೆ ಸುತ್ತಾಡಿಸಿ, ಫ್ಲೈಓವರ್ ಹತ್ತಿಸಿದೆ. ಯಾವ ಕೈಗಾಡಿಯೂ ನನ್ನನ್ನು ಹಿಂದೆ ಹಾಕಲಿಲ್ಲ. ಪಕ್ಕದ ಸೀಟಿನಲ್ಲಿ ಮೆಕ್ಯಾನಿಕ್, ಹಿಂದೆ ಅವ್ವ, ಅವಳ ಪಕ್ಕ ಇನ್‌ಸ್ಪೆಕ್ಷನ್ ಎಂದು ಹೇಳಿಕೊಂಡು ಹತ್ತಿ ಕೂತ ಸೆಕ್ರೆಟರಿ. ನಾಯಿ ಗೇಟಿನವರೆಗೆ ಓಡಿ ಬಂದಿತ್ತು.

ಸೋಮವಾರ ಆರ್‌ಟಿಓದಲ್ಲಿ ಇನ್‌ಸ್ಪೆಕ್ಟರು ಮುಂದೆ, ಹಿಂದೆ ಓಡಿಸಿ ತೋರಿಸಲು ಹೇಳಿದರು, ಕೆಳಗೆ ಬಗ್ಗಿ ನೋಡಿದರು, ಕಾಗದದ ಮೇಲೆ ಗೀಚಿದರು. ಪಾಸಾಯಿತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಐದು ವರ್ಷಕ್ಕೆ ಪಾಸಿಂಗ್ ಆಯಿತು ಎಂದೆ.

"ಐದ ವರ್ಷ?" ಎಂದಳು. ಬೆರಳು ಮಡಚಿ ತನ್ನ ವಯಸ್ಸಿಗೆ ಐದನ್ನು ಕೂಡಿಸಿದಳು. "ಸಾಕು, ನನಗ ಸಾಕಾತು."

ಒಳಗೆ ಹೋಗುತ್ತಿದ್ದವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ತಿರುಗಿದಳು.

"ನಿನಗ ಸಾಲೂದಿಲ್ಲ. ಆ ಹಳೇ ಎಣ್ಣಿ ಬಾಟ್ಲಿ ಮತ್ತ ಮ್ಯಾಲ ತಂದ ಇಟ್ಟೀನಿ, ಒಗೀಬ್ಯಾಡ."